ಸಹಿ ಬೀಳದ ಒಂದು ಪಾಲು

1671ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಒಂದು ಜಮೀನಿನ ಕ್ರಯವಾಯಿತು. ಮಾರಿದವರು ಅನ್ನೆಕೆ ಯಾನ್ಸ್ ಎಂಬ ಡಚ್ ವಸಾಹತಿನ ಹೆಣ್ಣುಮಗಳ ಮಕ್ಕಳು. ಕೊಂಡವನು ಅಲ್ಲಿನ ಇಂಗ್ಲಿಷ್ ಗವರ್ನರ್ ಫ್ರಾನ್ಸಿಸ್ ಲವ್‌ಲೇಸ್. ಮ್ಯಾನ್‌ಹಟನ್ ದ್ವೀಪದ ಪಡುವಣ ಅಂಚಿನಲ್ಲಿ, ಹಡ್ಸನ್ ನದಿಗೆ ತಾಗಿಕೊಂಡಿದ್ದ ಸುಮಾರು 62 ಎಕರೆ ಅದು. ತಾಯಿ ತೀರಿಕೊಂಡು ಎಂಟು ವರ್ಷವಾಗಿತ್ತು. ಉಳಿದ ವಾರಸುದಾರರು ಪತ್ರಕ್ಕೆ ಒಪ್ಪಿದರು. ಕಾರ್ನೆಲಿಸ್ ಬೊಗಾರ್ಡಸ್ ಎಂಬ ಮಗ ಮಾತ್ರ 1666ರಲ್ಲೇ ಸತ್ತಿದ್ದ. ಅವನ ಪಾಲಿನ ಪರವಾಗಿ ಹೆಂಡತಿಯ ಸಹಿಯೂ ಬೀಳಲಿಲ್ಲ, ಮಗನ ಹೆಸರೂ ಬರಲಿಲ್ಲ.

1705ರಲ್ಲಿ ಆ ಜಮೀನು ಇಂಗ್ಲೆಂಡಿನ ರಾಣಿ ಆನ್ ಹೆಸರಿನಲ್ಲಿ ಟ್ರಿನಿಟಿ ಚರ್ಚಿಗೆ ದಾನವಾಗಿ ಹೋಯಿತು. ಈಗ ಅಲ್ಲಿ ಟ್ರೈಬೆಕಾ ಇದೆ, ಅದರ ಬಡಗಣ ಮಗ್ಗುಲಲ್ಲಿ ಹಡ್ಸನ್ ಸ್ಕ್ವೇರ್ ಇದೆ. ಒಂದು ಚದರಡಿಗೆ ಕೊಡುವ ಬಾಡಿಗೆಯೇ ನಮ್ಮ ಊಹೆಗೆ ಸಿಗದ ಜಾಗ. ಕಾರ್ನೆಲಿಸನ ಪಾಲು ಎಲ್ಲಿ ಹೋಯಿತು ಎಂದು ಅವನ ವಂಶದವರು ತಲೆಮಾರುಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿದರು, ಪ್ರತಿ ಸಲವೂ ಸೋತರು. ನ್ಯಾಯಾಲಯ ಅವರನ್ನು ಬರಿಗೈಯಲ್ಲಿ ಕಳಿಸಿದ್ದು ಸರಿ ಎಂದೇ ನಾನು ತಿಳಿದಿದ್ದೇನೆ. ಆದರೆ ಈ ಜಮೀನಿನ ಚರಿತ್ರೆಯಲ್ಲಿ ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ವಾರಸುದಾರರ ಪಾಲಿನದಲ್ಲ. ದಾನ ಪಡೆದವರು ಆ ದಾನದಿಂದ ಏನು ಮಾಡಿದರು ಎಂಬುದು. ಅದನ್ನು ಕೇಳಲು ಇನ್ನೂರು ವರ್ಷ ಹತ್ತಿರವಾಯಿತು, ಕೇಳಿದ್ದೂ ನಗರದ ಆರೋಗ್ಯ ಇಲಾಖೆ.

ಅನ್ನೆಕೆ ಹುಟ್ಟಿದ್ದು 1605ರ ಸುಮಾರಿಗೆ, ನಾರ್ವೆಯ ತೆಂಕಣ ಕರಾವಳಿಯ ಫ್ಲೆಕೆರೋಯ್ ಎಂಬ ಪುಟ್ಟ ದ್ವೀಪದಲ್ಲಿ. ತಾಯಿ ಟ್ರೈನ್ ಯೋನಾಸ್ ಸೂಲಗಿತ್ತಿ. ಅನ್ನೆಕೆ ಆಮ್‌ಸ್ಟರ್‌ಡ್ಯಾಮಿನಲ್ಲಿ 1623ರಲ್ಲಿ ರೂಲಫ್ ಯಾನ್ಸೆನ್ ಎಂಬ ನಾವಿಕನನ್ನು ಮದುವೆಯಾದಳು. 1630ರಲ್ಲಿ ಗಂಡ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ, ಇಂದಿನ ಆಲ್ಬನಿಯ ಬಳಿ ವಾನ್ ರೆನ್ಸೆಲೇರ್ ಎಂಬ ಜಮೀನ್ದಾರನ ಭೂಮಿಯಲ್ಲಿ ಒಕ್ಕಲಾಗಿ ದುಡಿದರು. ಅಲ್ಲಿ ಏಳಿಗೆ ಕಾಣಲಿಲ್ಲ. ಮ್ಯಾನ್‌ಹಟನ್ನಿಗೆ ಇಳಿದು ಬಂದರು. ಸೂಲಗಿತ್ತಿ ಅಜ್ಜಿಯೂ ಅಲ್ಲಿಯೇ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಸಂಬಳದ ಮೇಲೆ ಹೆರಿಗೆ ಮಾಡಿಸುತ್ತಿದ್ದಳು. 1636ರಲ್ಲಿ ನಿರ್ದೇಶಕ ವೌಟರ್ ವಾನ್ ಟ್ವಿಲರ್ ರೂಲಫನಿಗೆ 31 ಮಾರ್ಗನ್ ಜಮೀನು ಮಂಜೂರು ಮಾಡಿದ. ಎಕರೆಯ ಲೆಕ್ಕದಲ್ಲಿ ಅದೇ 62. ಮರುವರ್ಷದ ಹೊತ್ತಿಗೆ ರೂಲಫ್ ಸತ್ತ.

ವಿಧವೆಯನ್ನು 1638ರಲ್ಲಿ ಮದುವೆಯಾದವನು ಊರಿನ ಡಚ್ ಪಾದ್ರಿ ಎವರಾರ್ಡಸ್ ಬೊಗಾರ್ಡಸ್. ಆ ಕಾಲದ ಕೋರ್ಟಿನ ದಫ್ತರದಲ್ಲಿ ಅನ್ನೆಕೆಯ ಒಂದು ಚಿತ್ರ ಉಳಿದಿದೆ. ಕಮ್ಮಾರನ ಅಂಗಡಿಯ ಮುಂದೆ ಹೋಗುವಾಗ ಲಂಗ ಎತ್ತಿ ಹಿಡಿದು ಕಾಲು ತೋರಿಸಿದಳೆಂದು ಗ್ರೀಟ್ಯೆ ರೈನಿಯರ್ಸ್ ಎಂಬಾಕೆ ಆಡಿಕೊಂಡಳು. ಪಾದ್ರಿಯ ಹೆಂಡತಿಯ ಮಾನದ ಪ್ರಶ್ನೆಯಾಗಿ ಮಾತು ನ್ಯಾಯಸ್ಥಾನಕ್ಕೆ ಹೋಯಿತು. ರಸ್ತೆ ಕೆಸರಾಗಿತ್ತು, ಬಟ್ಟೆಗೆ ಹತ್ತಬಾರದೆಂದು ಎತ್ತಿ ನಡೆದಳು ಎಂದು ಸಾಕ್ಷಿಗಳು ಹೇಳಿದರು. ಇಂದು ಜಗತ್ತಿನ ಅತಿ ದುಬಾರಿ ನೆಲಗಳಲ್ಲಿ ಒಂದೆನಿಸಿದ ಊರು ಆಗ ಹಾಗಿತ್ತು.

ಬೊಗಾರ್ಡಸ್‌ಗೂ ನಿರ್ದೇಶಕ ವಿಲೆಮ್ ಕೀಫ್ಟ್‌ಗೂ ಹಾವು ಮುಂಗುಸಿ ಸಂಬಂಧ. ಕೀಫ್ಟ್ 1643ರಲ್ಲಿ ಆಶ್ರಯ ಬೇಡಿ ಬಂದಿದ್ದ ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳೆನ್ನದೆ, ರಾತ್ರೋರಾತ್ರಿ ಕೊಲ್ಲಿಸಿದ. ಪಾದ್ರಿ ಅದನ್ನು ವೇದಿಕೆಯಿಂದಲೇ ಖಂಡಿಸಿದ. ಪ್ರವಚನ ಕೇಳಿಸದಿರಲೆಂದು ಕೀಫ್ಟ್ ಚರ್ಚಿನ ಹೊರಗೆ ತಮ್ಮಟೆ ಬಡಿಸಿ, ತೋಪು ಹಾರಿಸಿದ. ಇದಕ್ಕೂ ಮುಂಚೆ ಇದೇ ಕೀಫ್ಟ್ ಕೋಟೆಯೊಳಗೆ ಕಲ್ಲಿನ ಚರ್ಚು ಕಟ್ಟಿಸಲು ಹಣ ಕೂಡಿಸಿದ್ದ. ಆ ಬಗೆಯನ್ನು ವಸಾಹತಿನವರ 1649ರ ದೂರುಪತ್ರ ಬರೆದಿಟ್ಟಿದೆ: 1642ರಲ್ಲಿ ಅನ್ನೆಕೆಯ ಮಗಳು ಸಾರಾಳ ಮದುವೆ, ನಾಲ್ಕೈದು ಸುತ್ತು ಮದ್ಯವಾದ ಮೇಲೆ ಕೀಫ್ಟ್ ಚಂದಾ ಪಟ್ಟಿ ಹಿಡಿದು ಕೂತ, ಅಮಲಿನಲ್ಲಿ ಅತಿಥಿಗಳು ಧಾರಾಳವಾಗಿ ಬರೆಸಿದರು. ಇಳಿದ ಮೇಲೆ ಕೆಲವರು ಪರಿತಪಿಸಿದರೂ ಕೊಟ್ಟ ಮಾತು ಹಿಂದೆಗೆಯಲು ಆಗಲಿಲ್ಲ. 1647ರಲ್ಲಿ ಪಾದ್ರಿ ಮತ್ತು ಕೀಫ್ಟ್ ತಮ್ಮ ವ್ಯಾಜ್ಯದ ತೀರ್ಮಾನಕ್ಕೆಂದು ಒಂದೇ ಹಡಗಿನಲ್ಲಿ ಹಾಲೆಂಡಿಗೆ ಹೊರಟರು. ವೇಲ್ಸ್ ಕರಾವಳಿಯಲ್ಲಿ ಹಡಗು ಒಡೆಯಿತು, ಇಬ್ಬರೂ ಮುಳುಗಿದರು.

ಎರಡನೆಯ ಸಲ ವಿಧವೆಯಾದ ಅನ್ನೆಕೆ ಬೆವರ್‌ವೈಕ್, ಅಂದರೆ ಇಂದಿನ ಆಲ್ಬನಿಗೆ ಹೋಗಿ ನೆಲೆಸಿದಳು. 1654ರಲ್ಲಿ ಪೀಟರ್ ಸ್ಟೈವೆಸೆಂಟ್ ಮ್ಯಾನ್‌ಹಟನ್ ಜಮೀನನ್ನು ಅವಳ ಹೆಸರಿಗೇ ಖಾಯಂ ಮಾಡಿಕೊಟ್ಟ. 1663ರಲ್ಲಿ ಉಯಿಲು ಬರೆಸಿ ತೀರಿಕೊಂಡಳು. ಆ ಉಯಿಲು ಒಬ್ಬ ತಾಯಿಯ ನ್ಯಾಯಬುದ್ಧಿಗೆ ಸಾಕ್ಷಿ. ಜಮೀನು ಮೂಲತಃ ಮೊದಲ ಗಂಡನಿಗೆ ಮಂಜೂರಾದದ್ದು, ಆದ್ದರಿಂದ ಅದರ ಹುಟ್ಟುವಳಿಯಿಂದ ಅವನ ಮಕ್ಕಳಿಗೆ ಮೊದಲು 1,000 ಗಿಲ್ಡರ್ ಸಲ್ಲಬೇಕು. ಮಿಕ್ಕದ್ದು ಎರಡೂ ಸಂಸಾರದ ಮಕ್ಕಳಿಗೆ ಸಮಪಾಲು. ತೀರಿಹೋದ ಮಗಳ ಮಕ್ಕಳಿಗೂ ಅವರ ತಾಯಿಯ ಪಾಲು. ಇಷ್ಟು ನೇರವಾಗಿ ಬರೆದ ಪತ್ರದಿಂದ ಇಷ್ಟು ದೊಡ್ಡ ಜಗಳ ಹುಟ್ಟುತ್ತದೆಂದು ಅವಳು ಎಣಿಸಿರಲಾರಳು.

ಮರುವರ್ಷವೇ ಇಂಗ್ಲಿಷರು ಊರನ್ನು ಹಿಡಿದರು. ಹಳೆಯ ಡಚ್ ಹಕ್ಕುಪತ್ರಗಳನ್ನು ಹೊಸ ಸರ್ಕಾರದಲ್ಲಿ ನವೀಕರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು, 1667ರಲ್ಲಿ ವಾರಸುದಾರರು ಮಾಡಿಸಿಕೊಂಡರು. ಆಮೇಲೆ ಲವ್‌ಲೇಸ್‌ಗೆ ಮಾರಾಟ. ಅವನ ಕೈಯಲ್ಲಿಯೂ ಅದು ಬಹಳ ದಿನ ನಿಲ್ಲಲಿಲ್ಲ. 1673ರಲ್ಲಿ ಅವನು ಊರಿನಲ್ಲಿಲ್ಲದಾಗ ಡಚ್ಚರು ಮತ್ತೆ ನುಗ್ಗಿ ನ್ಯೂಯಾರ್ಕನ್ನು ಹಿಡಿದರು. ಊರು ಇಂಗ್ಲಿಷರಿಗೆ ಮರಳಿದಾಗ, ಒಡೆಯನಾದ ಡ್ಯೂಕ್ ಆಫ್ ಯಾರ್ಕ್ ಸಾಲದ ಬಾಬ್ತಿನಲ್ಲಿ ಲವ್‌ಲೇಸ್‌ನ ಆಸ್ತಿಯನ್ನೆಲ್ಲ ಎಳೆದುಕೊಂಡ. ಡ್ಯೂಕನ ತೋಟವಾಗಿದ್ದದ್ದು ಅವನು ಎರಡನೆಯ ಜೇಮ್ಸ್ ಎಂದು ಪಟ್ಟಕ್ಕೆ ಬಂದಾಗ ರಾಜನ ತೋಟವಾಯಿತು, ಆನ್ ಪಟ್ಟಕ್ಕೆ ಬಂದಾಗ ರಾಣಿಯ ತೋಟವಾಯಿತು.

ಟ್ರಿನಿಟಿ ಚರ್ಚಿಗೆ ರಾಜನ ಸನ್ನದು ಸಿಕ್ಕಿದ್ದು 1697ರಲ್ಲಿ. ವರ್ಷದ ಗೇಣಿ ಒಂದು ಮೆಣಸಿನ ಕಾಳು! 1705ರಲ್ಲಿ ರಾಣಿಯ ಹತ್ತಿರದ ಬಂಧುವೂ ಆಗಿದ್ದ ಗವರ್ನರ್ ಕಾರ್ನ್‌ಬರಿ ಅವಳ ಪರವಾಗಿ ತೋಟವನ್ನು ಚರ್ಚಿಗೆ ಬರೆದುಕೊಟ್ಟ. ಅಕ್ಕಪಕ್ಕದ ನೆಲವೂ ಸೇರಿ ದಾನ ಒಟ್ಟು 215 ಎಕರೆ ಎಂದು ಲೆಕ್ಕ. ಅನ್ನೆಕೆಯ ಜಮೀನು ಅದರೊಳಗೆ ಒಂದು ಭಾಗ. ರಾಣಿ ಕೊಟ್ಟದ್ದು ತನ್ನ ಬಂಗಾರವನ್ನಲ್ಲ. ತನ್ನ ತಂದೆಯ ಕಾಲದಲ್ಲಿ ಗವರ್ನರನ ಸಾಲಕ್ಕೆ ಎಳೆದುಕೊಂಡ ನೆಲವನ್ನು. ಆ ಗವರ್ನರ್ ಕೊಂಡದ್ದು ಒಂದು ಸಹಿ ಕಡಿಮೆಯಿದ್ದ ಪತ್ರದಿಂದ. ಇನ್ನೂ ಹಿಂದಕ್ಕೆ ಹೋದರೆ, ಇಡೀ ದ್ವೀಪವನ್ನು 60 ಗಿಲ್ಡರಿಗೆ ಕೊಂಡೆವೆಂದು ಡಚ್ಚರು 1626ರಲ್ಲಿ ತಮ್ಮೂರಿಗೆ ಬರೆದರು. ಲೆನಾಪೆ ಜನರಿಗೆ ನೆಲವನ್ನು ಶಾಶ್ವತವಾಗಿ ಮಾರುವ ಪದ್ಧತಿಯೇ ಇರಲಿಲ್ಲ. ಮುಂದಿನ ಇನ್ನೂರು ವರ್ಷಗಳ ಯಾವ ದಾವೆಯಲ್ಲಿಯೂ ಅವರು ವಾದಿಗಳಾಗಿ ನಿಲ್ಲಲಿಲ್ಲ, ನಿಲ್ಲುವ ದಾರಿಯೂ ಇರಲಿಲ್ಲ. ಅನ್ನೆಕೆಯ ಮಗಳು ಸಾರಾ ಅವರ ಭಾಷೆ ಕಲಿತು ದುಭಾಷಿಯಾಗಿದ್ದಳು. ಹ್ಯಾಕೆನ್‌ಸ್ಯಾಕ್ ಜನರ ಮುಖಂಡ ಒರಾಟಮ್ ಕೃತಜ್ಞತೆಯಿಂದ ಅವಳಿಗೆ ನ್ಯೂಜೆರ್ಸಿಯಲ್ಲಿ 2,000 ಎಕರೆಗೂ ಹೆಚ್ಚು ಭೂಮಿ ಕೊಟ್ಟ. ಈ ಇಡೀ ಕಥೆಯಲ್ಲಿ ಕೊಡುವ ಹಕ್ಕಿದ್ದವರು ಮನಸಾರೆ ಕೊಟ್ಟ ದಾನ ಅದೊಂದೇ ಎಂದು ನನಗೆ ತೋರುತ್ತದೆ.

ಚರ್ಚು ದಾನದ ನೆಲವನ್ನು ಸುಮ್ಮನೆ ಬಿಡಲಿಲ್ಲ. 1750ರ ದಶಕದಲ್ಲಿ ಒಂದು ತುಂಡನ್ನು ಕಿಂಗ್ಸ್ ಕಾಲೇಜಿಗೆ ಕೊಟ್ಟಿತು. ಕಾಲೇಜಿನ ಅಧ್ಯಕ್ಷ ಇಂಗ್ಲೆಂಡಿನ ಚರ್ಚಿಗೆ ಸೇರಿದವನೇ ಆಗಿರಬೇಕೆಂಬ ಷರತ್ತಿನೊಂದಿಗೆ. ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಬೇರೆ ಚರ್ಚುಗಳಿಗೂ ನಿವೇಶನಗಳನ್ನು ಕೊಟ್ಟಿತು. ಉಳಿದದ್ದನ್ನು ದೀರ್ಘಾವಧಿ ಗುತ್ತಿಗೆಗೆ ಹಾಕಿತು. 1767ರಲ್ಲಿ ಏಬ್ರಹಾಂ ಮಾರ್ಟಿಯರ್ ಎಂಬವನಿಗೆ 99 ವರ್ಷದ ಗುತ್ತಿಗೆ ಕೊಟ್ಟದ್ದು ಪ್ರಸಿದ್ಧ. ಆ ಗುತ್ತಿಗೆ ಮುಂದೆ ಆರನ್ ಬರ್ ಕೈಗೆ ಬಂತು, ಅವನಿಂದ ಜಾನ್ ಜೇಕಬ್ ಆಸ್ಟರ್ ಕೊಂಡು, ನಿವೇಶನಗಳಾಗಿ ಒಡೆದು ಒಳಗುತ್ತಿಗೆಗೆ ಕೊಟ್ಟು ಅಪಾರ ಹಣ ಮಾಡಿದ. ನೆಲದ ಒಡೆತನ ಚರ್ಚಿನದು, ಮೇಲಿನ ಮನೆ ಗುತ್ತಿಗೆದಾರನದು, ಒಳಗಿರುವವನು ಮೂರನೆಯವನು. ಈ ಮೂರು ಅಂತಸ್ತಿನ ಏರ್ಪಾಡನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಬೆಲೆ ಏರಿದಂತೆ ಕಾರ್ನೆಲಿಸನ ಪಾಲಿನ ನೆನಪೂ ಏರಿತು. 18ನೇ ಶತಮಾನದ ನಡುವಿನಲ್ಲೇ ಕಾರ್ನೆಲಿಯಸ್ ಬ್ರೋವರ್ ಎಂಬ ವಂಶಸ್ಥ ಜಮೀನಿಗಾಗಿ ಹೋರಾಡಿ ಸೋತ. ನಿರ್ಣಾಯಕವಾದ ದಾವೆ ಹೂಡಿದವನು ಜಾನ್ ಬೊಗಾರ್ಡಸ್. 1830ರ ದಶಕದ ಆರಂಭದಿಂದ 1847ರವರೆಗೆ ಅದು ನ್ಯೂಯಾರ್ಕಿನ ಚಾನ್ಸರಿ ನ್ಯಾಯಾಲಯದಲ್ಲಿ ನಡೆಯಿತು. ನಮ್ಮ ತಾಲ್ಲೂಕು ಕೋರ್ಟುಗಳ ಆವರಣದಲ್ಲಿ ಕೂತವರಿಗೆ ಈ ದಾವೆಯ ಸ್ವರೂಪ ಚೆನ್ನಾಗಿ ಗೊತ್ತು: ಪಾಲು ದಾವೆ. ಜಾನ್ ಇಡೀ ಜಮೀನು ಕೇಳಲಿಲ್ಲ. ನನ್ನ ಹಿರಿಯ ಸಹಿ ಹಾಕಲಿಲ್ಲ, ಆದ್ದರಿಂದ ಅವನ ಪಾಲು ಲವ್‌ಲೇಸ್‌ಗೆ ಹೋಗಲಿಲ್ಲ, ರಾಣಿಗೂ ಹೋಗಲಿಲ್ಲ, ಚರ್ಚು ನಮ್ಮೊಂದಿಗೆ ಜಂಟಿ ಪಾಲುದಾರ ಮಾತ್ರ. ನಮ್ಮ ಪಾಲು ವಿಭಾಗಿಸಿಕೊಡಿ, ಇಷ್ಟು ವರ್ಷದ ಬಾಡಿಗೆಯ ಲೆಕ್ಕ ಒಪ್ಪಿಸಿ ಎಂದು ಕೇಳಿದ.

ಇದು ಪೊಳ್ಳು ವಾದವಲ್ಲ. ಅಪರಿಚಿತನೊಬ್ಬ ಬಂದು ನಮ್ಮ ಹೊಲದಲ್ಲಿ ಕೂತರೆ ಇಷ್ಟು ವರ್ಷದೊಳಗೆ ಎಬ್ಬಿಸಬೇಕೆಂದು ಕಾನೂನು ಹೇಳುತ್ತದೆ. ನಮ್ಮ 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ಆಸ್ತಿಗೆ ಅದು 12 ವರ್ಷ, ಸರ್ಕಾರದ ಆಸ್ತಿಗೆ 30. ಅಷ್ಟರೊಳಗೆ ದಾವೆ ಹಾಕದಿದ್ದರೆ ಒಡೆಯನ ಹಕ್ಕೇ ನಂದಿಹೋಗುತ್ತದೆ. ಅಣ್ಣತಮ್ಮಂದಿರ ನಡುವೆ ಮಾತ್ರ ಹಾಗಲ್ಲ. ಜಂಟಿ ಆಸ್ತಿಯನ್ನು ಒಬ್ಬನೇ ಉಳುತ್ತಿದ್ದರೂ ಅವನ ಅನುಭವ ಎಲ್ಲರ ಪರವಾಗಿ ಎಂದೇ ಕಾನೂನು ಭಾವಿಸುತ್ತದೆ. ಬೆಂಗಳೂರಿಗೆ ದುಡಿಯಲು ಹೋದ ತಮ್ಮನ ಪಾಲು, ಊರಲ್ಲಿ ಉತ್ತವನು ಅಣ್ಣ ಎಂಬ ಕಾರಣಕ್ಕೆ ಅಳಿಯುವುದಿಲ್ಲ. ಜಾನ್ ಬೊಗಾರ್ಡಸ್ ಹಿಡಿದದ್ದು ಇದೇ ಎಳೆಯನ್ನು: ಚರ್ಚು ಅಪರಿಚಿತನಲ್ಲ, ಪಾಲುದಾರ, ಪಾಲುದಾರನಿಗೆ ಕಾಲಮಿತಿ ಓಡುವುದಿಲ್ಲ.

ವೈಸ್ ಚಾನ್ಸಲರ್ ಲೂಯಿಸ್ ಸ್ಯಾಂಡ್‌ಫರ್ಡ್ ಆ ಎಳೆಯನ್ನು ಕಡಿದರು. ಚರ್ಚು ಒಂದು ದಿನವೂ ಪಾಲುದಾರನಂತೆ ನಡೆದುಕೊಂಡಿಲ್ಲ. ರಾಣಿಯ ಹಕ್ಕುಪತ್ರ ಹಿಡಿದು ಇಡೀ ಜಮೀನು ನನ್ನದೇ ಎಂದು ಊರೆದುರು ಸಾರಿತು, ಬೇಲಿ ಹಾಕಿತು, ಗುತ್ತಿಗೆ ಕೊಟ್ಟಿತು, ಬಾಡಿಗೆ ವಸೂಲು ಮಾಡಿತು, ನಿವೇಶನ ಮಾರಿತು. ಇದೆಲ್ಲ ನಡೆದದ್ದು ಬೊಗಾರ್ಡಸ್ ವಂಶದವರ ಕಣ್ಣೆದುರಿಗೇ. ಒಂದು ಶತಮಾನಕ್ಕೂ ಮೀರಿದ ಅಂಥ ಅನುಭವವನ್ನು ಈಗ ಅಲುಗಿಸಲಾಗದು ಎಂದು ದಾವೆಯನ್ನು ವಜಾ ಮಾಡಿದರು. ಅದೇ ವರ್ಷ ಚಾನ್ಸರಿ ನ್ಯಾಯಾಲಯವೇ ರದ್ದಾಯಿತು.

ತೀರ್ಪು ಕಠಿಣ, ಆದರೆ ನನ್ನ ಮಟ್ಟಿಗೆ ಸರಿಯಾದದ್ದು. 1847ರ ವೇಳೆಗೆ ಆ ನೆಲದ ಮೇಲೆ ಸಾವಿರಾರು ಜನ ಮನೆ ಅಂಗಡಿ ಕಟ್ಟಿಕೊಂಡಿದ್ದರು, ಚರ್ಚಿನಿಂದ ಕೊಂಡಿದ್ದರು, ಕೊಂಡವರಿಂದ ಮತ್ತೆ ಕೊಂಡಿದ್ದರು. 1671ರ ಒಂದು ಸಹಿಗಾಗಿ ಅವರೆಲ್ಲರ ಹಕ್ಕನ್ನು ಬುಡಮೇಲು ಮಾಡುವುದು ಹಳೆಯ ಅನ್ಯಾಯಕ್ಕೆ ಹೊಸ ಅನ್ಯಾಯವನ್ನು ಕೂಡಿಸಿದಂತೆ. ಕಾರ್ನೆಲಿಸನ ಮಗನೇ ದೊಡ್ಡವನಾದ ಮೇಲೆ ಕೇಳಿದ್ದರೆ ಮಾತು ಬೇರೆಯಾಗುತ್ತಿತ್ತು.

ಕೋರ್ಟಿನಲ್ಲಿ ಮುಗಿದದ್ದು ಊರುಗಳಲ್ಲಿ ಮುಗಿಯಲಿಲ್ಲ. 19ನೇ ಶತಮಾನದ ಕೊನೆಯಿಂದ 20ನೆಯ ಶತಮಾನದ ಮೊದಲ ದಶಕಗಳವರೆಗೆ ಅಮೆರಿಕದ ಉದ್ದಗಲಕ್ಕೂ ಅನ್ನೆಕೆ ಯಾನ್ಸ್ ವಾರಸುದಾರರ ಸಂಘಗಳು ಹುಟ್ಟಿದವು. ಇಷ್ಟು ಡಾಲರ್ ಸದಸ್ಯತ್ವ ಶುಲ್ಕ ಕಟ್ಟಿ, ವಂಶಾವಳಿ ಸಾಬೀತು ಮಾಡಲು ಇನ್ನಷ್ಟು ಕಟ್ಟಿ, ಟ್ರಿನಿಟಿಯ ಕೋಟಿಗಳಲ್ಲಿ ಪಾಲು ಪಡೆಯಿರಿ! ಜಮೀನಿನ ಆಸೆ ಸಾಲದೆಂದು ರಾಜವಂಶದ ಆಸೆಯನ್ನೂ ಸೇರಿಸಿದರು. ಅನ್ನೆಕೆ ಆರೆಂಜಿನ ರಾಜಕುಮಾರ ವಿಲಿಯಮನ ಮೊಮ್ಮಗಳಂತೆ, ಹಾಲೆಂಡಿನಲ್ಲಿ ಅವಳ ಹೆಸರಿನಲ್ಲಿ ದೊಡ್ಡ ನಿಧಿ ಕೊಳೆಯುತ್ತಿದೆಯಂತೆ. ಸೂಲಗಿತ್ತಿಯ ಮಗಳು ಹೀಗೆ ರಾಜಕುಮಾರಿಯಾದಳು. ರಾಬರ್ಟ್ ಎಡ್ವರ್ಡ್ಸ್ ಎಂಬ ಇನ್ನೊಬ್ಬನ ಹೆಸರಿನಲ್ಲಿಯೂ ಇಂಥದೇ ಕಥೆ ಹಬ್ಬಿತು: ಅವನು ಮ್ಯಾನ್‌ಹಟನ್ನಿನ 77 ಎಕರೆಯನ್ನು ಕ್ರೂಗರ್ ಸಹೋದರರಿಗೆ 99 ವರ್ಷ ಗುತ್ತಿಗೆ ಕೊಟ್ಟಿದ್ದನಂತೆ, ಅವಧಿ ಮುಗಿದರೂ ಚರ್ಚು ಬಿಡಲಿಲ್ಲವಂತೆ. ಹಣ ಕಟ್ಟಿದವರಲ್ಲಿ ರೈತರು, ಕೂಲಿಕಾರರು, ವಿಧವೆಯರು ಇದ್ದರು. ಒಬ್ಬರಿಗೂ ಒಂದು ಬಿಡಿಗಾಸು ಬರಲಿಲ್ಲ. ಬಡವರ ಆಸೆಯನ್ನು ಹೀಗೆ ಕರೆದವರ ಮೇಲೆ ನನಗೆ ಬರುವ ಸಿಟ್ಟು ಹಳೆಯ ಗವರ್ನರುಗಳ ಮೇಲೂ ಬರುವುದಿಲ್ಲ.

ಇನ್ನು ದಾನ ಪಡೆದವರ ಸಂಗತಿ. 1697ರ ಸನ್ನದು ನ್ಯೂಯಾರ್ಕಿನಲ್ಲಿ ಇಂಗ್ಲೆಂಡಿನ ಚರ್ಚಿಗೆ ಸೇರಿದ ನಿವಾಸಿಗಳೆಲ್ಲರ ಹೆಸರಿನಲ್ಲಿತ್ತು. ನಗರದಲ್ಲಿ ಅದೇ ಪಂಥದ ಬೇರೆ ಚರ್ಚುಗಳು ಹುಟ್ಟಿದ ಮೇಲೆ, 1814ರ ಕಾನೂನಿನ ಬಲದಿಂದ ಆಡಳಿತದ ಮತದಾನ ಟ್ರಿನಿಟಿಯ ಸ್ವಂತ ಸಭೆಯವರಿಗೆ ಸೀಮಿತವಾಯಿತು. ಆಸ್ತಿ ಬೆಳೆಯಿತು, ಲೆಕ್ಕ ಕೇಳುವವರು ಕಡಿಮೆಯಾದರು.

ಮುಂಚೆ ಹೇಳಿದ ಮೂರು ಅಂತಸ್ತಿನ ಏರ್ಪಾಡು ಇಲ್ಲಿ ತನ್ನ ಬಣ್ಣ ತೋರಿಸಿತು. ಗುತ್ತಿಗೆದಾರ ಕಟ್ಟಿದ ಮನೆ ಅವಧಿ ಮುಗಿದಾಗ ಕೈಬಿಟ್ಟು ಹೋಗುತ್ತದೆಂದು ಗೊತ್ತಿದ್ದ ಮೇಲೆ ಅವನು ದುರಸ್ತಿ ಮಾಡಿಸುವುದಿಲ್ಲ. ನೆಲ ಮಾತ್ರ ನಮ್ಮದು ಎನ್ನುವ ಚರ್ಚೂ ಮಾಡಿಸುವುದಿಲ್ಲ. ಗುತ್ತಿಗೆ ಮುಗಿದಾಗ ಹಳಸಿದ ಮನೆಗಳು ಚರ್ಚಿನ ಕೈಗೆ ಬಂದವು. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯಲ್ಲಿ ಹಲವು ಕುಟುಂಬಗಳು ತುಂಬಿದ್ದವು. ಅವು ವಠಾರಗಳಾದವು. 19ನೇ ಶತಮಾನದ ಕೊನೆಗೆ ಟ್ರಿನಿಟಿ ಚರ್ಚು ನ್ಯೂಯಾರ್ಕಿನ ದೊಡ್ಡ ವಠಾರ ಮಾಲೀಕರಲ್ಲಿ ಒಂದೆನಿಸಿತ್ತು.

1887ರ ಕಾನೂನೊಂದು ವಠಾರದ ಪ್ರತಿ ಮಹಡಿಗೂ ನೀರು ಒದಗಿಸಬೇಕೆಂದು ಹೇಳಿತು. ಅದಕ್ಕೆ ಮೊದಲು ಅಂಗಳದ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಹೆಂಗಸರು ಮಕ್ಕಳು ಮೆಟ್ಟಿಲು ಹತ್ತಬೇಕಿತ್ತು. ಚರ್ಚು ನಲ್ಲಿ ಹಾಕಿಸಲಿಲ್ಲ. ಆರೋಗ್ಯ ಇಲಾಖೆ ದಂಡ ವಸೂಲಿಗೆ ದಾವೆ ಹೂಡಿದಾಗ ಚರ್ಚಿನ ವಕೀಲರು ವಾದಿಸಿದ್ದು ಇದು: ಪರಿಹಾರ ಕೊಡದೆ ನಮ್ಮಿಂದ ಖರ್ಚು ಮಾಡಿಸುವುದು ನಮ್ಮ ಆಸ್ತಿಯನ್ನು ಕಸಿದುಕೊಂಡಂತೆ, ಅದು ಸಂವಿಧಾನಕ್ಕೆ ವಿರುದ್ಧ. ಮೆಣಸಿನ ಕಾಳಿನ ಗೇಣಿಗೆ ಸನ್ನದು ಪಡೆದು, ದಾನವಾಗಿ ನೂರಾರು ಎಕರೆ ಪಡೆದ ಸಂಸ್ಥೆ, ಬಾಡಿಗೆ ಕೊಡುವ ಬಡವರಿಗೆ ನೀರಿನ ಕೊಳವೆ ಹಾಕಿಸಲಾರೆ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋರಾಡಿತು. ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಪುಟ ಇದೇ. ಚರ್ಚಿನ ಗೋಡೆಗೆ ತಾಗಿ ಬದುಕುವವರು ಯಾರೆಂದು ಚರ್ಚಿಗೇ ತಿಳಿಯದಿದ್ದರೆ ದಾನಕ್ಕೆ ಏನು ಅರ್ಥ?

1895ರಲ್ಲಿ ನ್ಯೂಯಾರ್ಕಿನ ಕೋರ್ಟ್ ಆಫ್ ಅಪೀಲ್ಸ್ ಚರ್ಚಿನ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದವರು ರೂಫಸ್ ಪೆಕ್‌ಹ್ಯಾಮ್, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ ಆಸ್ತಿ ಮತ್ತು ವ್ಯಾಪಾರದ ಸ್ವಾತಂತ್ರ್ಯದ ಪರವಾಗಿ ಹೆಸರಾದವರು. ಅಂಥವರಿಗೂ ಜನರ ಆರೋಗ್ಯಕ್ಕಾಗಿ ಮಾಲೀಕನಿಂದ ಮಿತವಾದ ಖರ್ಚು ಮಾಡಿಸುವ ಅಧಿಕಾರ ಸರ್ಕಾರಕ್ಕಿದೆ ಎನ್ನಿಸಿತು.

ಅಷ್ಟಕ್ಕೇ ಚರ್ಚು ಬದಲಾಗಲಿಲ್ಲ. 1908ರಲ್ಲಿ ಪತ್ರಕರ್ತ ಚಾರ್ಲ್ಸ್ ಎಡ್ವರ್ಡ್ ರಸೆಲ್ ಎವ್ರಿಬಡೀಸ್ ಪತ್ರಿಕೆಯಲ್ಲಿ ಟ್ರಿನಿಟಿಯ ವಠಾರಗಳ ಸ್ಥಿತಿಯನ್ನು ಬಿಚ್ಚಿಟ್ಟರು. ಊರೆಲ್ಲ ಮಾತಾಡಿತು. ದಶಕಗಳಿಂದ ಗುಟ್ಟಾಗಿದ್ದ ಹಣಕಾಸಿನ ಲೆಕ್ಕವನ್ನು ಚರ್ಚು 1909ರಲ್ಲಿ ಪ್ರಕಟಿಸಬೇಕಾಯಿತು. ಎಮಿಲಿ ಡಿನ್ವಿಡ್ಡಿ ಎಂಬ ಸಮಾಜಸೇವಕಿಯಿಂದ ಮನೆಗಳ ಸಮೀಕ್ಷೆ ಮಾಡಿಸಿತು, ಮನೆಗಳ ಮೇಲ್ವಿಚಾರಣೆಯನ್ನೂ ಅವರಿಗೇ ವಹಿಸಿತು. ಹಾಳುಬಿದ್ದವನ್ನು ಕೆಡವಿ ಆ ಜಾಗದಲ್ಲಿ ಮುದ್ರಣಾಲಯಗಳಿಗೂ ಕಚೇರಿಗಳಿಗೂ ದೊಡ್ಡ ಕಟ್ಟಡಗಳನ್ನು ಎಬ್ಬಿಸಿತು. ವಠಾರದ ಕಳಂಕ ಹೋಯಿತು. ಅಲ್ಲಿದ್ದ ಬಡವರೂ ಹೋದರು.

215 ಎಕರೆಯಲ್ಲಿ ಈಗ ಚರ್ಚಿನ ಬಳಿ ಉಳಿದಿರುವುದು ಸುಮಾರು 14. ಅದರ ಆಸ್ತಿಪಾಸ್ತಿ 600 ಕೋಟಿ ಡಾಲರ್ ಎಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ವಸತಿಗಾಗಿ, ಸೆರೆಮನೆಯಿಂದ ಬಿಡುಗಡೆಯಾದವರಿಗಾಗಿ, ಬೇರೆ ದೇಶಗಳ ಚರ್ಚುಗಳಿಗಾಗಿ ಇಂದು ಅದು ದೊಡ್ಡ ಮೊತ್ತದ ನೆರವು ಕೊಡುತ್ತದೆ. ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2018ರಲ್ಲಿ ಹಡ್ಸನ್ ಸ್ಕ್ವೇರಿನ ಒಂದು ಭಾಗವನ್ನು ಡಿಸ್ನಿ ಕಂಪನಿಗೆ 65 ಕೋಟಿ ಡಾಲರಿಗೆ ಕೊಟ್ಟಿತು. ಅವಧಿ, ಮಾರ್ಟಿಯರನ ಗುತ್ತಿಗೆಯಂತೆಯೇ, 99 ವರ್ಷ. ಅದಕ್ಕೂ ಮೂರು ವರ್ಷ ಮುಂಚೆ, 2015ರಲ್ಲಿ, ಅಲ್ಲಿನ 11 ಕಟ್ಟಡಗಳಲ್ಲಿ ಶೇ 44ರ ಪಾಲನ್ನು 75 ವರ್ಷದ ಅವಧಿಗೆ 156 ಕೋಟಿ ಡಾಲರಿಗೆ ಮಾರಿತ್ತು. ಕೊಂಡದ್ದು ನಾರ್ವೆ ದೇಶದ ಸಾರ್ವಜನಿಕ ನಿಧಿ. ಉತ್ತರ ಸಮುದ್ರದ ತೈಲದ ಆದಾಯವನ್ನು ಮುಂದಿನ ತಲೆಮಾರುಗಳಿಗೆಂದು ಕೂಡಿಟ್ಟಿರುವ ಹಣ. ಈ ಸಲ ಕ್ರಯಪತ್ರಕ್ಕೆ ಬೀಳಬೇಕಾದ ಸಹಿಗಳೆಲ್ಲ ಬಿದ್ದವು.